ಪೊಳ್ಳು ಮರಕ್ಕೆ ಎರಡು ತಿಂಗಳ ಬೀಳ್ಕೊಡುಗೆ

ಮೈಸೂರಿನ ಬಸ್ ನಿಲ್ದಾಣದಲ್ಲಿ ನಿಂತು 'ಚೆರಿ ಬ್ಲಾಸಂ' ಅಂದ್ರೆ ಏನು ಅಂತ ನಾಲ್ಕು ಜನರನ್ನ ಕೇಳಿ ನೋಡಿ. ಮೂವರು ಕಾಲಲ್ಲಿರುವ ಬೂಟು ತೋರಿಸುತ್ತಾರೆ. ಪಾಲಿಷ್ ಡಬ್ಬಿಯ ಹೆಸರು ಅದು, ಕಪ್ಪು ಒಂದು, ಕಂದು ಒಂದು. ನಾಲ್ಕನೆಯವನು ಬೇಕರಿ ಕಡೆ ಕೈ ಮಾಡಿ, ಕೇಕಿನ ನೆತ್ತಿ ಮೇಲೆ ಕೂತಿರೋ ಕೆಂಪು ಹಣ್ಣು ಅಂತಾನೆ. ಆ ಹಣ್ಣೂ ಎಷ್ಟೋ ಸಲ ಚೆರಿ ಆಗಿರುವುದಿಲ್ಲ. ಕರಂಡೆಕಾಯಿಯ ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಕಟ್ಟಿ ಚೆರಿ ಅಂತ ಮಾರುವ ವ್ಯಾಪಾರ ನಮ್ಮ ದೇಶದಲ್ಲಿ ಬಹಳ ಹಳೆಯದು. ತಿನ್ನುವವರಿಗೂ ಅಭ್ಯಂತರವಿಲ್ಲ, ಮಾರುವವರಿಗಂತೂ ಇಲ್ಲವೇ ಇಲ್ಲ.

ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಬೇಸಿಗೆ ಹತ್ತಿರ ಬಂತು ಅಂದ್ರೆ ಸಾಕು, ಬೆಂಗಳೂರಿನಲ್ಲಿ ಬೀದಿಗೆ ಬೀದಿಯೇ ಗುಲಾಬಿ ಬಣ್ಣಕ್ಕೆ ತಿರುಗಿದ ಚಿತ್ರಗಳು ಜನರ ಫೋನಿನಿಂದ ಫೋನಿಗೆ ಹಾರುತ್ತವೆ. ಕೆಳಗೆ ಒಕ್ಕಣೆ ಏನು? 'ನಮ್ಮ ಬೆಂಗಳೂರಿನ ಚೆರಿ ಹೂವು, ಜಪಾನಿಗೆ ಹೋಗಬೇಕಾಗಿಲ್ಲ.' ಅದು ಚೆರಿಯಲ್ಲ ಸ್ವಾಮಿ, ಟಬೆಬುಯಾ. ಅಮೆರಿಕ ಖಂಡದ ಬಿಸಿ ಸೀಮೆಯಿಂದ ಬಂದ ಮರ. ಜಕರಾಂಡದ ಕುಲಕ್ಕೆ ಸೇರಿದ್ದು. ಚೆರಿಯ ಕುಲವೇ ಬೇರೆ, ಅದು ಗುಲಾಬಿ, ಸೇಬು, ಬಾದಾಮಿಗಳ ಕಡೆಯ ನೆಂಟ. ಚಳಿಗಾಲದಲ್ಲಿ ಚೆನ್ನಾಗಿ ಚಳಿ ತಿಂದರೆ ಮಾತ್ರ ಮೊಗ್ಗು ಕಣ್ಣು ಬಿಡುವ ಜಾತಿ. ಮೈಸೂರಿನ ಚಳಿ ಮಫ್ಲರ್ ಮಾರುವವರಿಗೆ ಸಾಕಾಗಬಹುದು, ಚೆರಿಗೆ ಸಾಲದು. ನಮ್ಮ ದೇಶದಲ್ಲೇ ಚೆರಿ ಹೂ ನೋಡಬೇಕು ಎನ್ನುವವರು ನವೆಂಬರಿನಲ್ಲಿ ಶಿಲ್ಲಾಂಗಿಗೆ ಹೋಗಬೇಕು. ಅಲ್ಲಿ ಹಿಮಾಲಯದ ಕಾಡುಚೆರಿ ಹೂ ಬಿಡುತ್ತದೆ, 2016ರಿಂದ ಅದರ ಹೆಸರಲ್ಲಿ ಉತ್ಸವವನ್ನೂ ಮಾಡುತ್ತಿದ್ದಾರೆ.

ಇಷ್ಟೆಲ್ಲ ಪೀಠಿಕೆ ಯಾಕೆ ಅಂದ್ರೆ, ಚೆರಿ ಮರದಿಂದ ನಮ್ಮವರು ಹೂವಿನ ಚಿತ್ರ ತಗೊಂಡಿದ್ದಾರೆ, ಹೆಸರು ತಗೊಂಡಿದ್ದಾರೆ. ತಗೋಬೇಕಾಗಿದ್ದ ಒಂದು ಸಂಗತಿ ಮಾತ್ರ ಅಲ್ಲೇ ಉಳಿದುಬಿಟ್ಟಿದೆ. ಅದು ಅಮೆರಿಕದ ರಾಜಧಾನಿಯ ಒಂದು ಸಾರ್ವಜನಿಕ ಉದ್ಯಾನದಲ್ಲಿ 2024ರಲ್ಲಿ ಕಡಿದುಹಾಕಿದ ಒಂದು ಪೊಳ್ಳು ಚೆರಿ ಮರದ ಕಥೆ.

ಮೋಟು ಮರದ ಖ್ಯಾತಿ

ವಾಷಿಂಗ್ಟನ್ನಿನಲ್ಲಿ ಪೊಟೊಮ್ಯಾಕ್ ನದಿಗೆ ಅಂಟಿಕೊಂಡು ಟೈಡಲ್ ಬೇಸಿನ್ ಅಂತ ಒಂದು ದೊಡ್ಡ ಕೊಳ ಇದೆ. ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕಂತೆ ನದಿಯ ನೀರು ಅದರೊಳಗೆ ಬಂದು ಹೋಗುತ್ತದೆ. ಸುತ್ತಲೂ ಕಲ್ಲಿನ ದಡ, ದಡದ ಮೇಲೆ ನಡೆದಾಡುವ ಹಾದಿ, ಹಾದಿಯುದ್ದಕ್ಕೂ ಚೆರಿ ಮರಗಳು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಆ ಜಾಗದ ಅಂದಾಜು ಸುಲಭವಾಗಿ ಸಿಗುತ್ತದೆ. ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಎಲೆ ಬರುವ ಮುಂಚೆಯೇ ಇಡೀ ಮರ ಹೂವಾಗುತ್ತದೆ. ಬಿಳುಪಿನಲ್ಲಿ ಚೂರೇ ಚೂರು ಗುಲಾಬಿ ಕಲಸಿದಂಥ ಬಣ್ಣ. ಗಾಳಿ ಮಳೆ ಹೆಚ್ಚಾಗದಿದ್ದರೆ ಒಂದು ವಾರ, ಹತ್ತು ದಿನ. ಆಮೇಲೆ ಎಲ್ಲ ನೆಲದ ಮೇಲೆ. ಬಹುಪಾಲು ಮರಗಳು ಯೋಶಿನೋ ಎಂಬ ಜಾತಿಯವು. ತಿನ್ನುವ ಹಣ್ಣಿಗೆ ಬೆಳೆಸಿದ್ದಲ್ಲ, ಬರೀ ಹೂವಿಗೆ. ಹಾಗಿದ್ದೂ ಅದನ್ನ ನೋಡೋಕೆ ವರ್ಷ ವರ್ಷ ಹತ್ತು ಲಕ್ಷಕ್ಕೂ ಮೀರಿ ಜನ ಬರುತ್ತಾರೆ. ಹೋಟೆಲಿನವರು, ಟ್ಯಾಕ್ಸಿಯವರು, ಅಂಗಡಿಯವರು ಹೂ ಅರಳುವ ದಿನದ ಲೆಕ್ಕವನ್ನು ನಮ್ಮವರು ದಸರಾ ಲೆಕ್ಕ ಹಾಕಿದ ಹಾಗೆ ಹಾಕಿಕೊಂಡು ಕೂತಿರುತ್ತಾರೆ.

ಆ ಸಾಲಿನಲ್ಲಿ ಒಂದು ಮರ ಇತ್ತು. ಒಳಗೆಲ್ಲ ಟೊಳ್ಳು. ಬೊಡ್ಡೆಯ ತೊಗಟೆ ಮಾತ್ರ ಚಿಪ್ಪಿನ ಹಾಗೆ ನಿಂತಿತ್ತು. ಮೇಲೆ ನಾಲ್ಕಾರು ರೆಂಬೆ. ಯಾರೇ ನೋಡಿದರೂ ಇದು ಈ ವರ್ಷ ಸತ್ತಿತು ಅನ್ನಬೇಕು, ಹಾಗಿತ್ತು. ಆದರೂ ಪ್ರತಿ ವಸಂತಕ್ಕೆ ಆ ನಾಲ್ಕು ರೆಂಬೆಯಲ್ಲಿ ಹೂ ಬಿಡುತ್ತಿತ್ತು. 2020ರಲ್ಲಿ, ಕೊರೋನಾ ಕಾಲದಲ್ಲಿ, ಯಾರೋ ಅದರ ಚಿತ್ರ ಹಾಕಿ ತಮಾಷೆ ಮಾಡಿದರು. ಮರ ಹೆಸರಾಯಿತು. ಜನ ಅದಕ್ಕೆ 'ಸ್ಟಂಪಿ' ಅಂತ ಕರೆದರು. ನಮ್ಮ ಕಡೆಯಾಗಿದ್ದರೆ 'ಮೋಟಪ್ಪ' ಅಂತಿದ್ದರು. ಅಂಗಿ ಮೇಲೆ ಅದರ ಚಿತ್ರ ಬಂತು, ಕ್ಯಾಲೆಂಡರಿನಲ್ಲಿ ಬಂತು. ಸಾಲಿನಲ್ಲಿ ಲಕ್ಷಣವಾಗಿದ್ದ ಸಾವಿರಾರು ಮರಗಳನ್ನು ಬಿಟ್ಟು ಜನ ಈ ಮುರುಕು ಮರವನ್ನು ಹುಡುಕಿಕೊಂಡು ಹೋಗತೊಡಗಿದರು. ಕಾರಣ ಕೇಳಿದರೆ ಏನು ಹೇಳೋದು? ಆ ವರ್ಷ ಎಲ್ಲರ ಸ್ಥಿತಿಯೂ ಹೆಚ್ಚು ಕಡಿಮೆ ಹಾಗೇ ಇತ್ತಲ್ಲ.

ಮರ ಹಾಗಾಗಲು ಕಾರಣ ನೀರು. ಕೊಳದ ಕಲ್ಲಿನ ದಡ ನೂರು ವರ್ಷಕ್ಕೂ ಹಳೆಯದು. ಕೆಳಗಿನ ಕೆಸರು ಮಣ್ಣು ಕುಸಿಯುತ್ತ ಹೋಗಿ, ಕೆಲವು ಕಡೆ ಕಟ್ಟಿದಾಗಿನ ಮಟ್ಟಕ್ಕಿಂತ ಐದು ಅಡಿ ಕೆಳಗೆ ಇಳಿದಿತ್ತು. ಇನ್ನೊಂದು ಕಡೆ ನೀರಿನ ಮಟ್ಟ ಏರುತ್ತಾ ಬಂತು. ದಿನಕ್ಕೆರಡು ಸಲ ಉಬ್ಬರ ಬಂದಾಗ ನೀರು ದಡ ದಾಟಿ ಹಾದಿ ಮೇಲೆ ಹರಿದು ಮರದ ಬೇರಲ್ಲಿ ನಿಲ್ಲುತ್ತಿತ್ತು. ನಿಂತ ನೀರಲ್ಲಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ ಅನ್ನುವುದು ನಮ್ಮ ಅಡಿಕೆ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಅದರ ಜೊತೆಗೆ ಲಕ್ಷಾಂತರ ಜನರ ಕಾಲ್ತುಳಿತ. ಮಣ್ಣು ಗಟ್ಟಿಯಾಗಿ ಹೆಂಟೆ ಕಟ್ಟಿದ ಮೇಲೆ ಬೇರಿಗೆ ಗಾಳಿಯೂ ಇಲ್ಲ.

ಇದನ್ನೂ ಹೇಳಿಬಿಡಬೇಕು. ಅಮೆರಿಕದವರು ಅಂದ್ರೆ ಎಲ್ಲ ಸರಿಯಾಗಿ ಮಾಡುತ್ತಾರೆ ಅನ್ನೋ ಭ್ರಮೆ ಬೇಡ. ಹಾದಿ ಮೇಲೆ ನೀರು ಹರಿಯುವುದನ್ನು ವರ್ಷಗಟ್ಟಲೆ ನೋಡಿಕೊಂಡೇ ಕೂತಿದ್ದರು. ಅಲ್ಲೂ ಕಡತ, ಅಲ್ಲೂ ಹಣ ಮಂಜೂರಾಗಬೇಕು, ಅಲ್ಲೂ ಮುಂದಿನ ವರ್ಷ ನೋಡೋಣ. ಕೊನೆಗೆ ದಡವನ್ನು ಹೊಸದಾಗಿ ಎತ್ತರಿಸಿ ಕಟ್ಟಲು 11.3 ಕೋಟಿ ಡಾಲರಿನ ಕೆಲಸ ಮಂಜೂರಾಯಿತು. ಕೆಲಸಕ್ಕೆ ಯಂತ್ರ ಬರಬೇಕು, ಯಂತ್ರಕ್ಕೆ ಜಾಗ ಬೇಕು. ಸುಮಾರು 300 ಮರ ಹೋಗಬೇಕು, ಅದರಲ್ಲಿ 140ಕ್ಕೂ ಹೆಚ್ಚು ಚೆರಿ ಮರ. ಮೋಟಪ್ಪನೂ ಅದರಲ್ಲಿ ಒಬ್ಬ.

ಹೇಳಿದರು, ಆಮೇಲೆ ಕಡಿದರು

ಇಲ್ಲಿಂದ ಮುಂದೆ ಅವರು ಮಾಡಿದ್ದನ್ನು ನಮ್ಮ ಊರಿನ ಕಂಟ್ರಾಕ್ಟರುಗಳು, ಇಂಜಿನಿಯರುಗಳು, ಮೇಜಿನ ಹಿಂದೆ ಕೂತ ಮಹನೀಯರು ಸ್ವಲ್ಪ ಗಮನವಿಟ್ಟು ಓದಬೇಕು.

2024ರ ಮಾರ್ಚ್ ಮಧ್ಯದಲ್ಲಿ, ಅಂದ್ರೆ ಹೂ ಅರಳುವ ಮುಂಚೆ, ಉದ್ಯಾನವನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆ ಪ್ರಕಟಣೆ ಕೊಟ್ಟಿತು. ಇಷ್ಟು ಮರ ಹೋಗುತ್ತದೆ. ಇಂಥ ಕಾರಣಕ್ಕೆ. ಹೂವಿನ ಕಾಲ ಮುಗಿದ ಮೇಲೆ ಕಡಿಯುತ್ತೇವೆ. ಮೋಟು ಮರಕ್ಕೆ ಇದೇ ಕೊನೆಯ ವಸಂತ. ಕೆಲಸ ಮುಗಿದ ಮೇಲೆ 455 ಮರ ನೆಡುತ್ತೇವೆ, ಅದರಲ್ಲಿ 274 ಚೆರಿ. ಹೋಗುವ ಮರಗಳನ್ನು ಕತ್ತರಿಸಿ ಪುಡಿ ಮಾಡಿ ಉಳಿದ ಮರಗಳ ಬುಡಕ್ಕೆ ಹೊದಿಕೆಯಾಗಿ ಹಾಕುತ್ತೇವೆ. ಮೋಟು ಮರದಿಂದ ಕಡ್ಡಿ ತೆಗೆದು ರಾಷ್ಟ್ರೀಯ ಸಸ್ಯತೋಟದಲ್ಲಿ ಅದರದೇ ಸಸಿ ಮಾಡುತ್ತೇವೆ.

ಇಷ್ಟು ಹೇಳಿದ್ದಕ್ಕೆ ಏನಾಯಿತು? ಆಕಾಶ ಬಿತ್ತೇ? ಕಾಮಗಾರಿ ನಿಂತಿತೇ? ಜನ ಬೇಜಾರು ಮಾಡಿಕೊಂಡರು ನಿಜ. ಮರಕ್ಕೆ ಸರಪಳಿಯಲ್ಲಿ ಕಟ್ಟಿಕೊಂಡು ನಿಲ್ಲುತ್ತೇನೆ ಅಂತ ಯಾರೋ ಒಬ್ಬರು ಬರೆದುಕೊಂಡಿದ್ದೂ ಉಂಟು. ಆದರೆ ಹೆಚ್ಚಿನವರು ಸುಮ್ಮನೆ ಹೋಗಿ ನೋಡಿ ಬಂದರು. ಮಕ್ಕಳನ್ನು ಕರಕೊಂಡು ಹೋಗಿ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಬುಡದಲ್ಲಿ ಹೂ ಇಟ್ಟರು. ಇನ್ಯಾರೋ ಒಂದು ಬಾಟಲಿ ವಿಸ್ಕಿಯನ್ನೂ ಇಟ್ಟರಂತೆ. ಅದನ್ನು ಮರ ಕುಡಿಯಿತೋ ಕಾವಲುಗಾರ ಕುಡಿದನೋ, ವರದಿಯಿಲ್ಲ. ಎರಡು ತಿಂಗಳು ಹೀಗೆ ನಡೆದು ಮೇ ಕೊನೆಗೆ ಮರವನ್ನು ಕಡಿದರು. ಕಡ್ಡಿಗಳು ಅಷ್ಟು ಹೊತ್ತಿಗೆ ಸಸ್ಯತೋಟ ಸೇರಿದ್ದವು.

ಕಡ್ಡಿಯ ವಿಷಯ ಕೇಳಿ ನಗುವವರು ಇದ್ದಾರೆ. ಯೋಶಿನೋ ಚೆರಿಯನ್ನು ಬೀಜದಿಂದ ಬೆಳೆಸುವ ರೂಢಿ ಇಲ್ಲ. ನಮ್ಮ ಮಾವಿನ ಕಸಿಯ ಹಾಗೆ, ಒಂದು ಮರದ ಕಡ್ಡಿಯಿಂದ ಇನ್ನೊಂದು. ಬಾದಾಮಿ ಮಾವು ಎಲ್ಲಿ ತಿಂದರೂ ಬಾದಾಮಿಯೇ ಆಗಿರುವುದು ಹೇಗೋ ಇದೂ ಹಾಗೆ. ಆ ಕಡ್ಡಿಯ ಬೆಲೆ ವಾಷಿಂಗ್ಟನ್ನಿನವರಿಗೆ ಗೊತ್ತಾದದ್ದು ನೂರು ವರ್ಷದ ಅನುಭವದಿಂದ. ಆ ಅನುಭವದ ಕಥೆಯೂ ಚೆನ್ನಾಗಿದೆ.

ಸುಟ್ಟ ಮರ, ಮತ್ತೆ ಬಂದ ಮರ

ಎಲೈಜಾ ಸಿಡ್‌ಮೋರ್ ಎಂಬ ಲೇಖಕಿ 1885ರಲ್ಲಿ ಜಪಾನ್ ನೋಡಿ ಬಂದು, ಪೊಟೊಮ್ಯಾಕ್ ದಂಡೆಯ ಬಯಲಿನಲ್ಲಿ ಚೆರಿ ನೆಡಿ ಅಂತ ಸಂಬಂಧಪಟ್ಟ ಅಧಿಕಾರಿಗೆ ಹೇಳಿದಳು. ಆತ ಕಿವಿಗೆ ಹಾಕಿಕೊಳ್ಳಲಿಲ್ಲ. ಆತ ವರ್ಗವಾಗಿ ಇನ್ನೊಬ್ಬ ಬಂದ, ಅವನಿಗೂ ಹೇಳಿದಳು. ಹೀಗೆ 24 ವರ್ಷ. ತಾಲ್ಲೂಕು ಕಚೇರಿಗೆ ಖಾತೆ ಬದಲಾವಣೆಗೆಂದು ಅಲೆಯುವ ನಮ್ಮ ಜನರಿಗೆ ಆಕೆಯ ಕಷ್ಟ ತಕ್ಷಣ ಅರ್ಥವಾದೀತು. 1909ರಲ್ಲಿ ಆಕೆ ಅಧ್ಯಕ್ಷರ ಹೆಂಡತಿ ಹೆಲೆನ್ ಟ್ಯಾಫ್ಟ್‌ಗೇ ಕಾಗದ ಬರೆದಳು. ಕೆಲಸ ಆಯಿತು. ಅದೇ ವೇಳೆಗೆ ಅಲ್ಲಿದ್ದ ಜಪಾನಿನ ರಸಾಯನ ಶಾಸ್ತ್ರಜ್ಞ ಜೋಕಿಚಿ ತಕಾಮಿನೆ, ಡಾಕ್ಟರುಗಳು ಇವತ್ತಿಗೂ ಚುಚ್ಚುವ ಅಡ್ರಿನಲಿನ್ ಔಷಧಿಯನ್ನು ಬೇರ್ಪಡಿಸಿದಾತ, ಮರಗಳಿಗೆ ನೆರವಾಗಲು ಮುಂದೆ ಬಂದ. ಟೋಕಿಯೋ ನಗರದ ಹೆಸರಿನಲ್ಲಿ ಉಡುಗೊರೆ ಅಂತ ತೀರ್ಮಾನವಾಯಿತು.

1910ರ ಜನವರಿಯಲ್ಲಿ 2,000 ಗಿಡ ಬಂದವು. ಬಿಚ್ಚಿ ನೋಡಿದರೆ ಹುಳು, ಬೇರುಗಂಟು, ರೋಗ. ಕೃಷಿ ಇಲಾಖೆಯವರು ಸುಡಬೇಕು ಅಂದರು. ಯೋಚನೆ ಮಾಡಿ, ಒಂದು ದೇಶ ಪ್ರೀತಿಯಿಂದ ಕಳಿಸಿದ ಉಡುಗೊರೆ. ಅಧ್ಯಕ್ಷ ಟ್ಯಾಫ್ಟ್ ಒಪ್ಪಿಗೆ ಕೊಟ್ಟ ಮೇಲೆ ಜನವರಿ 28ರಂದು ಅಷ್ಟನ್ನೂ ಸುಟ್ಟರು. ಕದ್ದುಮುಚ್ಚಿ ಸುಡಲಿಲ್ಲ. ಕಾರಣ ಹೇಳಿ, ವಿಷಾದ ತಿಳಿಸಿ ಕಾಗದ ಬರೆದರು. ಟೋಕಿಯೋ ಮೇಯರ್ ಯುಕಿಯೋ ಒಝಾಕಿ ಮುನಿಸಿಕೊಳ್ಳಲಿಲ್ಲ. ಅರಕಾವಾ ನದಿ ದಂಡೆಯ ಒಳ್ಳೆ ಮರಗಳಿಂದ ಕಡ್ಡಿ ತೆಗೆಸಿ, ಶುದ್ಧ ಮಣ್ಣಿನಲ್ಲಿ ಕಸಿ ಮಾಡಿಸಿ, 12 ಜಾತಿಯ 3,020 ಗಿಡಗಳನ್ನು ಮತ್ತೆ ಕಳಿಸಿದ. 1912ರ ಮಾರ್ಚ್ 27ರಂದು ಹೆಲೆನ್ ಟ್ಯಾಫ್ಟ್ ಒಂದು ಗಿಡ, ಜಪಾನ್ ರಾಯಭಾರಿಯ ಪತ್ನಿ ಇನ್ನೊಂದು ಗಿಡ ನೆಟ್ಟರು. 1915ರಲ್ಲಿ ಅಮೆರಿಕದವರು ಪ್ರತಿಯಾಗಿ ತಮ್ಮ ಸೀಮೆಯ ಡಾಗ್‌ವುಡ್ ಎಂಬ ಹೂ ಮರ ಕಳಿಸಿದರು. ಅರಿಸಿನ ಕುಂಕುಮಕ್ಕೆ ಬಂದವರಿಗೆ ಬರಿಗೈಲಿ ಕಳಿಸಬಾರದು ಅನ್ನುವುದು ಅಲ್ಲೂ ಇದೆ ಅಂತಾಯಿತು.

1938ರಲ್ಲಿ ಅದೇ ದಂಡೆಯಲ್ಲಿ ಜೆಫರ್ಸನ್ ಸ್ಮಾರಕ ಕಟ್ಟಲು ಹೊರಟಾಗ ಚೆರಿ ಮರಗಳಿಗೆ ಕುತ್ತು ಬಂತು. ಊರಿನ ಹೆಂಗಸರು ಸಿಡಿದೆದ್ದರು. ಕೆಲವರು ಮರಕ್ಕೆ ಸರಪಳಿಯಲ್ಲಿ ತಮ್ಮನ್ನೇ ಬಿಗಿದುಕೊಂಡರು. ಅಧ್ಯಕ್ಷ ರೂಸ್‌ವೆಲ್ಟ್, ಅಡ್ಡ ನಿಂತರೆ ಮರ, ಹೆಂಗಸರು, ಸರಪಳಿ ಮೂರನ್ನೂ ಒಟ್ಟಿಗೆ ಕಿತ್ತು ಬೇರೆ ಕಡೆ ನೆಡಿಸುತ್ತೇನೆ ಅಂತ ಪತ್ರಕರ್ತರ ಮುಂದೆ ತಮಾಷೆ ಮಾಡಿದ. ಹೋಗುವ ಮರಗಳ ಲೆಕ್ಕವನ್ನು ಅಲ್ಲಿನ ಪತ್ರಿಕೆಯವರು ಸಿಕ್ಕಾಪಟ್ಟೆ ಉಬ್ಬಿಸಿದ್ದರು ಎನ್ನುವುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಪತ್ರಿಕೆಯವರು ಎಲ್ಲ ಕಾಲದಲ್ಲೂ ಪತ್ರಿಕೆಯವರೇ. ಸ್ಮಾರಕ ಎದ್ದಿತು, ಮರಗಳೂ ಉಳಿದವು, ಕೆಲವು ಹೋದವು.

ಇಂಥದ್ದು ನಮಗೂ ಹೊಸದಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನುಗ್ಗಿ ಮರಗಳನ್ನು ತಬ್ಬಿಕೊಂಡು ನಿಂತರು. ಅಪ್ಪಿಕೋ ಅನ್ನೋ ಹೆಸರು ಅಲ್ಲಿಂದ ಬಂದದ್ದು. ತಬ್ಬಿಕೊಳ್ಳಬೇಕಾದರೆ ಮರ ಇನ್ನೂ ನಿಂತಿರಬೇಕು. ಮುಂಚೆ ಸುದ್ದಿ ತಿಳಿದಿರಬೇಕು. ಅಷ್ಟೇ ಅದರ ಗುಟ್ಟು.

ಚೆರಿ ಕಥೆಯಲ್ಲಿ ಇನ್ನೊಂದೇ ಒಂದು ಅಧ್ಯಾಯ. 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ನಾಲ್ಕು ದಿನ ಕಳೆಯುವುದರಲ್ಲಿ ಟೈಡಲ್ ಬೇಸಿನ್ನಿನ ನಾಲ್ಕು ಚೆರಿ ಮರ ಕಡಿದು ಬಿದ್ದಿದ್ದವು. ಯಾರು ಕಡಿದರೋ ಸಿಗಲೇ ಇಲ್ಲ. ಜಪಾನಿನ ಮೇಲಿನ ಸಿಟ್ಟು ಮರದ ಮೇಲೆ. ಯುದ್ಧ ಮುಗಿಯುವವರೆಗೂ 'ಜಪಾನಿ ಚೆರಿ' ಅನ್ನುವುದನ್ನೇ ಬಿಟ್ಟು 'ಪೂರ್ವ ದೇಶದ ಚೆರಿ' ಅಂತ ಕರೆದರು. ಅತ್ತ ಜಪಾನಿನಲ್ಲಿ ಯುದ್ಧದ ಕಷ್ಟದಲ್ಲಿ ನೋಡುವವರಿಲ್ಲದೆ, ಮೂಲ ಕಡ್ಡಿ ಕೊಟ್ಟಿದ್ದ ಅರಕಾವಾ ದಂಡೆಯ ಮರಗಳೇ ಹಾಳಾದವು. 1952ರಲ್ಲಿ ಜಪಾನಿನವರು ಕೇಳಿದಾಗ ವಾಷಿಂಗ್ಟನ್ನಿನವರು ತಮ್ಮ ಮರಗಳಿಂದ ಕಡ್ಡಿ ಕತ್ತರಿಸಿ ವಾಪಸ್ ಕಳಿಸಿದರು. ತವರಿನಿಂದ ಹೋದದ್ದು ತವರಿಗೇ ಬಂತು. ಬಾಂಬು ಹಾಕಿಕೊಂಡ ಎರಡು ದೇಶಗಳು ಇದನ್ನು ಮಾಡಿವೆ. ಪೊಳ್ಳು ಮರದಿಂದ ಕಡ್ಡಿ ತೆಗೆದಿಟ್ಟದ್ದು ಹುಚ್ಚಾಟವಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇನ್ನು ನಮ್ಮ ಊರಿನ ಲೆಕ್ಕ

ಮೋಟಪ್ಪ ಹೋಗಿ ಒಂದು ವರ್ಷ ತುಂಬುವ ಮುಂಚೆ, 2025ರ ಏಪ್ರಿಲ್‌ನಲ್ಲಿ, ಮೈಸೂರಿನ ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡಲಿಕ್ಕೆ ಅಂತ 40 ಮರ ಉರುಳಿದವು. ದಶಕಗಳಿಂದ ನೆರಳು ಕೊಟ್ಟ ದೊಡ್ಡ ಮರಗಳು. ಊರಿನವರಲ್ಲಿ ಬಹಳ ಮಂದಿಗೆ ವಿಷಯ ಗೊತ್ತಾದದ್ದು ಮರ ಬಿದ್ದ ಮೇಲೆ. ಆಮೇಲೆ ಪ್ರತಿಭಟನೆ, ಘೋಷಣೆ, ಮನವಿ ಪತ್ರ, ಸಮಜಾಯಿಷಿ. ಬಿದ್ದ ಮರದ ಮುಂದೆ ನಿಂತು ಎಷ್ಟು ಕೂಗಿದರೂ ಅದು ಎದ್ದು ನಿಲ್ಲುತ್ತದೆಯೇ?

ಕಾನೂನು ಇಲ್ಲವೇ ಅಂದ್ರೆ ಇದೆ. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ 1976ರದ್ದು. ಅಷ್ಟು ಹಿಂದೆಯೇ ನಮ್ಮ ರಾಜ್ಯ ಇಂಥ ಕಾಯ್ದೆ ಮಾಡಿತು ಅನ್ನುವುದು ಹೆಮ್ಮೆಯ ಮಾತೇ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಕಡಿದದ್ದಕ್ಕೆ ಪ್ರತಿಯಾಗಿ ಗಿಡ ನೆಡಬೇಕು. ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು ಅಂತ ಆಮೇಲೆ ಸೇರಿಸಿದರು. ಒಳ್ಳೆಯದು. ಆದರೆ ಅಂಗಡಿಯಲ್ಲಿ ಗಲ್ಲಾ ಮೇಲೆ ಕೂತವರಿಗೆ ಈ ಕಟ್ಟಳೆಯ ತೂತು ಒಂದೇ ನೋಟಕ್ಕೆ ಕಾಣುತ್ತದೆ. 51 ಆದರೆ ಊರಿಗೆ ಹೇಳಬೇಕು. 40 ಆದರೆ ಬೇಕಿಲ್ಲ. ಇಂದು 40, ಮುಂದಿನ ತಿರುವಿನಲ್ಲಿ ಇನ್ನೊಂದು 40, ಅದರ ಮುಂದಿನ ವರ್ಷ 30. ಬಿಲ್ ಬೇಡ, ಬಿಡಿಬಿಡಿಯಾಗಿ ಕೊಡಿ ಅಂತ ಕೇಳೋ ಗಿರಾಕಿಯ ವ್ಯವಹಾರ ಇದು.

ವಾಷಿಂಗ್ಟನ್ನಿನ ಮೋಟಪ್ಪ ಒಂದೇ ಒಂದು ಮರ. ಅದೂ ಅರೆಜೀವ. ಅದಕ್ಕೂ ಎರಡು ತಿಂಗಳ ಮುಂಚೆ ಪ್ರಕಟಣೆ ಬಂತು. ಇಲ್ಲಿ ಕೇಳಬೇಕಾಗಿರುವುದು ಅಷ್ಟೇ. ಮರ ಕಡಿಯಲೇಬೇಡಿ ಅಂತ ಯಾರೂ ಅನ್ನುತ್ತಿಲ್ಲ. ರಸ್ತೆ ಬೇಕು, ಚರಂಡಿ ಬೇಕು, ಮಳೆಗಾಲದಲ್ಲಿ ಒಣಗಿದ ಕೊಂಬೆ ಆಟೋ ಮೇಲೆ ಬಿದ್ದು ಪ್ರಾಣ ಹೋಗುವುದನ್ನೂ ಈ ಊರು ಕಂಡಿದೆ. ರೋಗದ ಮರ, ಬೀಳುವ ಮರ ಹೋಗಬೇಕು. ಆದರೆ ಹೇಳಿ ಕಡಿಯಿರಿ. ಅದರಿಂದ ಮರ ಉಳಿಯುವ ಸಾಧ್ಯತೆಯೂ ಉಂಟು. ಹುಲಿಕಲ್ಲಿನಿಂದ ಕುದೂರಿಗೆ ಸಾಲುಮರದ ತಿಮ್ಮಕ್ಕ ನೆಟ್ಟು ಬೆಳೆಸಿದ 385 ಆಲದ ಮರಗಳಿಗೆ 2019ರಲ್ಲಿ ರಸ್ತೆ ಅಗಲೀಕರಣದಿಂದ ಅಪಾಯ ಬಂದಿತ್ತು. ಮುಂಚೆಯೇ ವಿಷಯ ತಿಳಿದದ್ದರಿಂದ ಅಜ್ಜಿ ಸರ್ಕಾರದ ಬಾಗಿಲಿಗೆ ಹೋದರು, ಮರಗಳನ್ನು ಬಿಟ್ಟು ರಸ್ತೆ ಮಾಡುವ ಮಾತಾಯಿತು. ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು. ಎಲ್ಲ ಬೀದಿಗೂ ಒಬ್ಬೊಬ್ಬ ತಿಮ್ಮಕ್ಕ ಎಲ್ಲಿಂದ ಬರಬೇಕು? ಬೀದಿಯವರಿಗೆ ಚೀಟಿ ಮುಟ್ಟಿದರೆ ಬೀದಿಯವರೇ ಕೇಳುತ್ತಾರೆ.

ಬೀದಿಯವರ ವಿಷಯಕ್ಕೂ ಎರಡು ಮಾತು. ಮರ ಬಿದ್ದಾಗ ನಿಟ್ಟುಸಿರು ಬಿಡುವ ನಾವೇ ಮರ ನಿಂತಿದ್ದಾಗ ಏನು ಮಾಡುತ್ತೇವೆ? ಬೋರ್ಡು ಕಾಣಲ್ಲ ಅಂತ ಅಂಗಡಿ ಮುಂದಿನ ಕೊಂಬೆ ಕಡಿಸುವವರು ಯಾರು? ಟ್ಯೂಷನ್, ಪಿ.ಜಿ., ಮೂಲವ್ಯಾಧಿ ಚಿಕಿತ್ಸೆ ಅಂತ ತಗಡಿನ ಹಲಗೆಗಳನ್ನು ಮೊಳೆ ಹೊಡೆದು ತೂಗುಹಾಕುವವರು ಯಾರು? ಗುಡಿಸಿದ ಕಸವನ್ನೆಲ್ಲ ಬುಡಕ್ಕೆ ಒಟ್ಟಿ ಬೆಂಕಿ ಇಡುವುದು, ಬೋಂಡಾ ಕರಿದು ಕರಕಲಾದ ಎಣ್ಣೆ ಸುರಿಯುವುದು, ಇದೆಲ್ಲ ಕಂಟ್ರಾಕ್ಟರು ಬಂದು ಮಾಡುತ್ತಾನೆಯೇ? ಫುಟ್‌ಪಾತಿಗೆ ಸಿಮೆಂಟ್ ಹಾಕುವವರು ಮರದ ಕುತ್ತಿಗೆವರೆಗೂ ಕಾಂಕ್ರೀಟ್ ತುಂಬಿ ಹೋದಾಗ 'ಬುಡಕ್ಕೆ ಎರಡಡಿ ಮಣ್ಣು ಬಿಡಪ್ಪ' ಅಂತ ಎಷ್ಟು ಅಂಗಡಿಯವರು ಹೇಳಿದ್ದಾರೆ? ಚೆರಿ ಮರದ ಬೇರಿಗೆ ಉಸಿರು ಕಟ್ಟಿಸಿದ್ದು ನೀರು ಮತ್ತು ಕಾಲ್ತುಳಿತ. ನಮ್ಮ ಹೊಂಗೆ, ಬೇವಿಗೆ ಸಿಮೆಂಟು. ಐದಾರು ವರ್ಷದಲ್ಲಿ ಅದು ಒಣಗುತ್ತದೆ, ಆಗ 'ಅಪಾಯಕಾರಿ ಮರ' ಅನ್ನೋ ಪಟ್ಟಿಗೆ ಸೇರುತ್ತದೆ, ಆಗ ಅನುಮತಿ ಸಲೀಸು.

ನೆಡುವುದಕ್ಕೆ ಚೆರಿ ಬೇಡ, ಇಲ್ಲಿ ಬರುವುದೂ ಇಲ್ಲ. ಹೂವೇ ಬೇಕಾದರೆ ಕಕ್ಕೆ ಇದೆ, ಹೊಳೆದಾಸವಾಳ ಇದೆ, ಮುತ್ತುಗ ಇದೆ. ಏಪ್ರಿಲ್ ಬಿಸಿಲಲ್ಲಿ ಅರ್ಧ ಗಂಟೆ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಹೊಂಗೆಯ ನೆರಳಿಗಿಂತ ಬೇರೆ ಅಂದ ಬೇಕಿಲ್ಲ. ಹೊಂಗೆ ಹೂವೂ ಚೆರಿ ಹೂವಿನ ಹಾಗೇ ನೆಲದ ತುಂಬಾ ಉದುರುತ್ತದೆ. ಫೋಟೋ ಹಾಕುವವರು ಕಮ್ಮಿ, ಅಷ್ಟೇ ವ್ಯತ್ಯಾಸ. ಆದರೆ ನೆಟ್ಟದ್ದು ಎಲ್ಲಿ, ಎಷ್ಟು, ಬದುಕಿದ್ದು ಎಷ್ಟು ಅಂತ ಕೇಳಿದರೆ ಉತ್ತರ ಕೊಡುವವರು ಬೇಕು. ಒಂದಕ್ಕೆ ಹತ್ತು ನೆಡುತ್ತೇವೆ ಎನ್ನುವ ಮಾತು ಈ ಜಿಲ್ಲೆಯ ಜನರಿಗೆ ಕೇಳಿ ಕೇಳಿ ಬಾಯಿಪಾಠ ಆಗಿದೆ. ಅಲ್ಲಿನವರು 455 ಅಂತ ಎಣಿಸಿ ಹೇಳಿದ್ದಾರೆ. ನಾಳೆ ಯಾರಾದರೂ ಹೋಗಿ ಎಣಿಸಬಹುದು.

ಪಾಲಿಕೆಯವರು ದೊಡ್ಡ ಖರ್ಚು ಮಾಡಬೇಕಾಗಿಲ್ಲ. ಒಂದು ಮರವಿರಲಿ, ನಲವತ್ತಿರಲಿ, ಅದರ ಪಕ್ಕದಲ್ಲಿ ಒಂದು ತಿಂಗಳು ಮುಂಚೆ ಒಂದು ಹಲಗೆ. ಈ ಮರ ಇಂಥ ದಿನ ಹೋಗುತ್ತದೆ, ಇಂಥ ಕೆಲಸಕ್ಕೆ, ಇದರ ಬದಲು ಇಂಥ ಬೀದಿಯಲ್ಲಿ ಇಷ್ಟು ಗಿಡ, ತಕರಾರಿದ್ದರೆ ಇಂಥ ಕಚೇರಿ. ಕನ್ನಡದಲ್ಲಿ, ಬಸ್ಸಿಗೆ ಕಾಯುವವರು ನಿಂತಲ್ಲೇ ಓದುವಷ್ಟು ದಪ್ಪ ಅಕ್ಷರದಲ್ಲಿ. ಒಂದು ತಗಡು, ಎರಡು ಕೋಲು, ಸ್ವಲ್ಪ ಬಣ್ಣ. ಕೋಲನ್ನು ಮಾತ್ರ ನೆಲಕ್ಕೆ ಹೂಳಿ ನಿಲ್ಲಿಸಿ ಸ್ವಾಮಿ, ಅದನ್ನೂ ತಗೊಂಡು ಹೋಗಿ ಮರಕ್ಕೇ ಮೊಳೆ ಹೊಡೀಬೇಡಿ.